ಪಾಠದ ಹಲಗೆ, ಪ್ರಯೋಗದ ಮೇಜು

ವಿಶ್ವವಿದ್ಯಾಲಯದ ಅಧ್ಯಾಪಕರ ವೇಳೆ ತರಗತಿಗೆ ಸಲ್ಲಬೇಕೋ ಸಂಶೋಧನೆಗೆ ಸಲ್ಲಬೇಕೋ ಎಂಬ ಪ್ರಶ್ನೆ ನಮ್ಮ ವಿಶ್ವವಿದ್ಯಾಲಯಗಳ ರಚನೆಯಲ್ಲೇ ಅಡಗಿದೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ ಮಾದರಿಯವು. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅವುಗಳ ಮುಖ್ಯ ಕಾರ್ಯ. ಪಾಠ ಕಾಲೇಜುಗಳ ಪಾಲಿಗೆ ಬಂತು, ಸಂಶೋಧನೆ ಯಾರ ಪಾಲಿಗೂ ಬರಲಿಲ್ಲ.

1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಜಗದೀಶಚಂದ್ರ ಬೋಸರು ಇದರ ಬೆಲೆ ತೆತ್ತವರು. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ, ವಾರವಿಡೀ ಪಾಠದ ಹೊರೆ, ಪ್ರಯೋಗಕ್ಕೆ ಒಂದು ಕಿರುಕೋಣೆ. ಇಷ್ಟರ ನಡುವೆಯೇ ಅವರು 1895ರಿಂದ ವಿದ್ಯುತ್ಕಾಂತೀಯ ಅಲೆಗಳ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು.

1904ರ ಕಾಯಿದೆ ವಿಶ್ವವಿದ್ಯಾಲಯಗಳಿಗೆ ಬೋಧನೆ, ಸಂಶೋಧನೆಗಳ ಅಧಿಕಾರವನ್ನು ನೀಡಿತು. ಅದನ್ನು ಬಳಸಿಕೊಂಡವರು ಆಶುತೋಷ ಮುಖರ್ಜಿ. ತಾರಕನಾಥ ಪಾಲಿತರ ದತ್ತಿಯಿಂದ ಸ್ಥಾಪಿತವಾದ ಪೀಠಕ್ಕೆ 1917ರಲ್ಲಿ ಸಿ. ವಿ. ರಾಮನ್ ಬಂದರು, ಹಣಕಾಸು ಇಲಾಖೆಯ ಹೆಚ್ಚು ಸಂಬಳದ ಹುದ್ದೆಯನ್ನು ಬಿಟ್ಟು. ಆ ಪೀಠದಲ್ಲಿ ತರಗತಿ ತೆಗೆದುಕೊಳ್ಳುವ ನಿರ್ಬಂಧ ಅವರಿಗಿರಲಿಲ್ಲ. ಆದರೂ ಅವರು ಪಾಠ ಮಾಡಿದರು.

ಢಾಕಾದ ಉದಾಹರಣೆ ಇನ್ನೂ ಅರ್ಥಪೂರ್ಣವಾದುದು. 1921ರಲ್ಲಿ ಅಲ್ಲಿನ ಹೊಸ ವಿಶ್ವವಿದ್ಯಾಲಯದಲ್ಲಿ ರೀಡರ್ ಆದ ಸತ್ಯೇಂದ್ರನಾಥ ಬೋಸರಿಗೆ, ಪ್ಲಾಂಕ್ ನಿಯಮವನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗ, ಅದನ್ನು ಸಾಧಿಸುವ ಪ್ರಚಲಿತ ಕ್ರಮ ತರ್ಕಬದ್ಧವೆನಿಸಲಿಲ್ಲ. ಬೇರೆ ಕ್ರಮ ಹುಡುಕಿ, 1924ರ ಜೂನ್ 4ರಂದು ಐನ್‌ಸ್ಟೈನರಿಗೆ ಪತ್ರ ಬರೆದರು. ಐನ್‌ಸ್ಟೈನರೇ ಅದನ್ನು ಜರ್ಮನ್ ಭಾಷೆಗೆ ತಂದು ಪ್ರಕಟಿಸಿದರು; ಕ್ವಾಂಟಂ ಸಂಖ್ಯಾಶಾಸ್ತ್ರಕ್ಕೆ ಅದು ಬುನಾದಿಯಾಯಿತು. ಪಾಠಕ್ಕಾಗಿ ಮಾಡಿದ ಸಿದ್ಧತೆಯೇ ಇಲ್ಲಿ ಸಂಶೋಧನೆಯ ಮೂಲ.

ಆದರೆ ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶ ಹಿಡಿದ ಹಾದಿ ಬೇರೆ. 1942ರಲ್ಲಿ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಬಂತು. 1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು. ಇಂತಹ ಸಂಸ್ಥೆಗಳ ಸಾಧನೆ ದೊಡ್ಡದು. ಆದರೆ ಹಣ, ಉಪಕರಣ, ಪ್ರತಿಭೆಗಳು ಅತ್ತ ಹರಿದಂತೆ ಬಹುಪಾಲು ವಿದ್ಯಾರ್ಥಿಗಳು ಇತ್ತ, ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿಯೇ ಉಳಿದರು. ಸಂಶೋಧನೆ ನಡೆಯುವುದನ್ನು ಕಣ್ಣಾರೆ ಕಾಣದೆಯೇ ಪದವಿ ಪಡೆಯುವ ಸ್ಥಿತಿ ಅವರಿಗೆ ಒದಗಿತು.

2010ರ ಯುಜಿಸಿ ನಿಯಮಗಳು ಪಾಠವನ್ನೂ ಸಂಶೋಧನೆಯನ್ನೂ ಅಂಕಗಳಲ್ಲಿ ಅಳೆಯತೊಡಗಿದವು. ಅಳತೆಯಿಲ್ಲದಿದ್ದರೆ ಸೋಮಾರಿತನಕ್ಕೆ ರಕ್ಷೆ ಸಿಗುತ್ತದೆಂಬ ವಾದ ಅಲ್ಲಗಳೆಯುವಂಥದಲ್ಲ. ಆದರೆ ಎರಡನ್ನೂ ಬೇರೆಬೇರೆ ಕಲಮುಗಳಲ್ಲಿ ಎಣಿಸಿದಾಗ, ಒಂದು ಇನ್ನೊಂದಕ್ಕೆ ಜನ್ಮವೀಯುವ ಪ್ರಸಂಗಕ್ಕೆ ಕಲಮೇ ಇರುವುದಿಲ್ಲ. ಸತ್ಯೇಂದ್ರನಾಥ ಬೋಸರು ಜೀವಮಾನದಲ್ಲಿ ಪ್ರಕಟಿಸಿದ ಪ್ರಬಂಧಗಳು ಹೆಚ್ಚೇನಲ್ಲ. 2010ರ ನಮೂನೆಯನ್ನು ಅವರು ತುಂಬಿದ್ದರೆ ಢಾಕಾದ ಆ ತರಗತಿಗೆ ಎಷ್ಟು ಅಂಕ ಬರುತ್ತಿತ್ತು?