ಜಾತ್ರೆಯ ಸಂದಣಿ ಮತ್ತು ಉದ್ಯಾನದ ಸಾಲು

ಮೈಸೂರು ಸಂಸ್ಥಾನದ ಗೆಜೆಟಿಯರುಗಳಲ್ಲಿ ಜಿಲ್ಲೆಗಳ ವಿವರಣೆಯೊಡನೆ ಅಲ್ಲಲ್ಲಿನ ಜಾತ್ರೆ ಪರಿಷೆಗಳ ವಿಷಯವೂ ಬರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ೧೮೭೦ರ ದಶಕದಲ್ಲಿ ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಸಂಪುಟಗಳಲ್ಲಿ ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಉತ್ಸವ ನಡೆಯುತ್ತದೆ ಎಂಬುದರ ಜೊತೆಗೆ ಎಷ್ಟು ಸಾವಿರ ಜನ ನೆರೆಯುತ್ತಾರೆಂಬುದನ್ನೂ ಹೇಳಿದೆ. ಆ ಸಂಖ್ಯೆಯೇ ಜಾತ್ರೆಯ ಹಿರಿಮೆಯ ಅಳತೆ. ಜನ ಬಾರದ ಜಾತ್ರೆಯನ್ನು ಯಾರೂ ಹೊಗಳಿದ್ದಿಲ್ಲ. ಇಂದಾದರೋ, ರಜಾದಿನದಲ್ಲಿ ಥೀಮ್ ಪಾರ್ಕಿಗೆ ಹೋಗಿ ಬಂದ ಸಂಸಾರವನ್ನು ವಿಚಾರಿಸಿದರೆ ಮೊದಲು ಹೊರಡುವ ಮಾತು ‘ವಿಪರೀತ ಜನ’ ಎಂಬುದು. ಜನ ನೆರೆಯುವುದೇ ಸಂತೋಷಕ್ಕೆ ಕಾರಣವಾಗಿದ್ದ ಸೀಮೆಯಲ್ಲಿ ಅದೇ ಸಂತೋಷಕ್ಕೆ ಅಡ್ಡಿಯಾದುದು ಹೇಗೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

ನಮ್ಮ ವಿಚಾರಕ್ಕೆ ಆರಿಸಿಕೊಂಡ ಕ್ಷೇತ್ರ ಬೆಂಗಳೂರು ಗ್ರಾಮಾಂತರ ಜಿಲ್ಲೆ. ೧೯೮೬ರಲ್ಲಿ ರೂಪುಗೊಂಡ ಈ ಜಿಲ್ಲೆಯಲ್ಲಿ ಈಗ ಉಳಿದಿರುವವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಆದರೆ ೨೦೦೫ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಉದ್ಯಾನ ತೆರೆದಾಗ ಆ ಪ್ರದೇಶವೂ ಇದೇ ಜಿಲ್ಲೆಗೆ ಸೇರಿತ್ತು. ರಾಮನಗರ ಜಿಲ್ಲೆ ಬೇರ್ಪಟ್ಟುದು ೨೦೦೭ರಲ್ಲಿ. ಹೀಗಾಗಿ ಪುರಾತನವಾದ ಜಾತ್ರೆಯೂ ಆಧುನಿಕವಾದ ಯಂತ್ರವಿನೋದವೂ ಒಂದೇ ಜಿಲ್ಲೆಯ ಇತಿಹಾಸದೊಳಗೆ ಸೇರುತ್ತವೆ.

ಮೊದಲು ಘಾಟಿ ಸುಬ್ರಹ್ಮಣ್ಯದ ಜಾತ್ರೆಯನ್ನು ನೋಡೋಣ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಪುಷ್ಯ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ ನಡೆಯುತ್ತದೆ. ಅದೇ ಋತುವಿನಲ್ಲಿ ದನಗಳ ಜಾತ್ರೆಯೂ ಕೂಡುತ್ತದೆ. ದನಗಳ ಜಾತ್ರೆಗೆ ಜನಸಂದಣಿ ಒಂದು ತೊಂದರೆಯಲ್ಲ, ಅದರ ಪ್ರಯೋಜನವೇ ಅದು. ಮಾರುವವನಿಗೆ ಕೊಳ್ಳುವವರು ಹಲವರಿರಬೇಕು, ಕೊಳ್ಳುವವನಿಗೆ ಹೋಲಿಸಿ ನೋಡಲು ಜೋಡಿಗಳು ಹಲವಿರಬೇಕು. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಹಳ್ಳಿಕಾರ್ ಎತ್ತುಗಳ ಬೆಲೆ ಕುದುರಿಸುವ ದಲ್ಲಾಳಿಗೆ ಖಾಲಿ ಬಯಲಿನಲ್ಲಿ ಏನು ಕೆಲಸ? ಜಾತ್ರೆ ಒಂದೇ ದಿನಕ್ಕೆ ಮುಗಿಯುವುದೂ ಇಲ್ಲ. ಬಂದವರು ತೋಪಿನಲ್ಲಿ, ಬಯಲಿನಲ್ಲಿ ಬಿಡಾರ ಹೂಡಿ, ಅಲ್ಲೇ ಅಡಿಗೆ ಮಾಡಿಕೊಂಡು ದಿನಗಳನ್ನು ಕಳೆಯುತ್ತಾರೆ. ಬಯಲಿಗೆ ಬಾಗಿಲಿಲ್ಲ, ಆದುದರಿಂದ ಬಾಗಿಲಲ್ಲಿ ನೂಕುನುಗ್ಗಲೂ ಇಲ್ಲ.

ರಥೋತ್ಸವದ ರಚನೆಯನ್ನು ಇನ್ನೂ ಸೂಕ್ಷ್ಮವಾಗಿ ಪರಿಶೀಲಿಸತಕ್ಕದ್ದು. ಗರ್ಭಗುಡಿಯ ಮುಂದೆ ಏಕಕಾಲದಲ್ಲಿ ನಿಲ್ಲಬಲ್ಲವರು ಕೆಲವೇ ಮಂದಿ. ಸಾವಿರಾರು ಜನ ಬಂದ ದಿನ ಅವರನ್ನೆಲ್ಲ ಒಳಗೆ ಬಿಡುವುದಾಗದು. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೆಂದರೆ ದೇವರನ್ನೇ ಹೊರಕ್ಕೆ ತರುವುದು. ಉತ್ಸವಮೂರ್ತಿ ಎತ್ತರವಾದ ರಥವೇರಿ ಬೀದಿಯಲ್ಲಿ ಸಾಗುತ್ತದೆ. ಜನ ಇಕ್ಕೆಲಗಳಲ್ಲಿ ನಿಂತಿರುತ್ತಾರೆ. ಮುಂದೆ ನಿಂತವನು ಹಗ್ಗ ಹಿಡಿಯುತ್ತಾನೆ, ಹಿಂದೆ ನಿಂತವನು ಬಾಳೆಹಣ್ಣು ಎಸೆಯುತ್ತಾನೆ, ಅದೂ ಆಗದವನು ಕಲಶ ಕಂಡು ಕೈಮುಗಿಯುತ್ತಾನೆ. ಒಬ್ಬನ ದರ್ಶನದಿಂದ ಮತ್ತೊಬ್ಬನ ದರ್ಶನ ಕಡಮೆಯಾಗುವುದಿಲ್ಲ. ಜನ ಹೆಚ್ಚಿದಷ್ಟೂ ಹಗ್ಗಕ್ಕೆ ಬಲ ಹೆಚ್ಚು. (ಘಾಟಿಯ ಗುಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯನನ್ನೂ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹನನ್ನೂ ಒಂದೇ ಕಡೆ ನಿಂತು ನೋಡಲು ಹಿಂದೆ ಕನ್ನಡಿಯಿಟ್ಟಿರುವುದೂ ನೋಡುವವರ ಅನುಕೂಲವನ್ನು ನೆನೆದೇ ಎಂದು ನಮಗೆ ತೋರುತ್ತದೆ.)

ಹಾಗೆಂದು ಹಳೆಯ ಕಾಲವನ್ನು ಬರಿದೇ ಕೊಂಡಾಡುವುದು ಚರಿತ್ರೆಯಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ದೊಡ್ಡ ಯಾತ್ರೆಗಳ ಬೆನ್ನಿಗೆ ಕಾಲರಾ ಹರಡುತ್ತಿತ್ತು. ೧೮೬೭ರ ಹರಿದ್ವಾರದ ಮೇಳ ಇದಕ್ಕೆ ಪ್ರಸಿದ್ಧ ನಿದರ್ಶನ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಬೇರೊಂದು ಬಗೆಯ ಕಷ್ಟವಿದೆ. ಅಲ್ಲಿ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಮೇಲೆ ಹೋದಂತೆ ಕಿರಿದಾಗಿ, ಕಂಬಿ ಹಿಡಿದು ಏರುವವರೂ ಇಳಿಯುವವರೂ ಒಂದೇ ದಾರಿಯಲ್ಲಿ ಎದುರುಬದುರಾಗುತ್ತಾರೆ. ಒಳಕಲ್ಲು ತೀರ್ಥದಲ್ಲಿ ಗುಳಿಯೊಳಗೆ ಕೈಯಿಟ್ಟು, ನೀರು ಸಿಕ್ಕಿತೇ ಇಲ್ಲವೇ ಎಂದು ತಮ್ಮ ಅದೃಷ್ಟವನ್ನು ಪರೀಕ್ಷಿಸಿಕೊಳ್ಳುವುದು ಪದ್ಧತಿ. ಗುಳಿ ಒಂದೇ, ಕೈಯಿಡುವವನೂ ಒಂದು ಸಲಕ್ಕೆ ಒಬ್ಬನೇ. ರಥಬೀದಿಯಲ್ಲಿ ಕಾಣದ ಸರದಿ ಇಲ್ಲಿ ಅನಿವಾರ್ಯವಾಗುತ್ತದೆ, ಮತ್ತು ಸರದಿಯೊಡನೆ ಅಸಹನೆಯೂ.

ಥೀಮ್ ಪಾರ್ಕೆಂಬುದು ಇಂಥ ಒಳಕಲ್ಲುಗಳನ್ನೇ ಹತ್ತಾರು ಕೂಡಿಸಿ, ಬೇಲಿ ಹಾಕಿ, ಬಾಗಿಲಲ್ಲಿ ಟಿಕೆಟು ಮಾರುವ ವ್ಯವಸ್ಥೆ. ಇಲ್ಲಿ ರಥ ಜನರ ಬಳಿಗೆ ಬರುವುದಿಲ್ಲ. ಯಂತ್ರ ನಿಂತಲ್ಲಿಯೇ ಇದ್ದು ಜನ ಅದರ ಬಳಿಗೆ ಒಬ್ಬೊಬ್ಬರಾಗಿ ಸರಿಯಬೇಕು. ಉದಾಹರಣೆಗಾಗಿ ಎಣಿಸಿ ನೋಡೋಣ. ಒಂದು ಸಲಕ್ಕೆ ೨೪ ಜನರನ್ನು ಕೂರಿಸಿಕೊಂಡು, ಹತ್ತಿಸಿ ಇಳಿಸುವುದೂ ಸೇರಿ ೫ ನಿಮಿಷ ತೆಗೆದುಕೊಳ್ಳುವ ಯಂತ್ರ ಗಂಟೆಗೆ ೨೮೮ ಜನರನ್ನು, ೮ ಗಂಟೆಯಲ್ಲಿ ೨,೩೦೪ ಜನರನ್ನು ತಿರುಗಿಸಬಲ್ಲದು. ಅದೇ ದಿನ ೫,೦೦೦ ಜನ ಒಳಗೆ ಬಂದು ಎಲ್ಲರೂ ಅದನ್ನೇ ಬಯಸಿದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ದೊರೆಯುವುದೇ ಇಲ್ಲ. ಪ್ರವೇಶಕ್ಕೆ ಎಲ್ಲರೂ ಹಣ ಕೊಟ್ಟಿರುತ್ತಾರೆ; ಜನ ಹೆಚ್ಚಿದಂತೆ ಒಬ್ಬೊಬ್ಬನ ಪಾಲು ಕರಗುತ್ತದೆ. ಪಕ್ಕದಲ್ಲಿ ನಿಂತವನು ಜೊತೆಗಾರನಾಗದೆ ಪಾಲುದಾರನಾಗುತ್ತಾನೆ.

ಈ ಕಷ್ಟ ಥೀಮ್ ಪಾರ್ಕಿನೊಡನೆಯೇ ಹುಟ್ಟಿದ್ದು. ೧೯೫೫ರ ಜುಲೈ ೧೭ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆದ ದಿನ ನಕಲಿ ಆಹ್ವಾನಪತ್ರಗಳ ಮೂಲಕವೂ ಜನ ನುಗ್ಗಿ, ಆಹಾರ ಮುಗಿದು, ಕುಡಿಯುವ ನೀರಿಗೆ ಪರದಾಟವಾಯಿತು. ಅನಂತರ ಅಲ್ಲಿಯವರು ಕಾಯುವಿಕೆಯನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದರು. ೧೯೮೫ರಲ್ಲಿ ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು ಪ್ರತಿಪಾದಿಸಿದಂತೆ, ಕೆಲಸವಿಲ್ಲದೆ ಕಾಯುವ ಹೊತ್ತು ದೀರ್ಘವೆನಿಸುತ್ತದೆ. ಎಷ್ಟು ಹೊತ್ತೆಂದು ತಿಳಿಯದೆ ಕಾಯುವುದೂ ದೀರ್ಘ. ಅನ್ಯಾಯವೆಂದು ತೋರುವ ಕಾಯುವಿಕೆಯೂ ದೀರ್ಘ. ಈ ಕೊನೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ೧೯೯೯ರಲ್ಲಿ ಡಿಸ್ನಿ ಸಂಸ್ಥೆ ಸಾಲು ತಪ್ಪಿಸುವ ಚೀಟಿಯನ್ನು ಉಚಿತವಾಗಿ ಕೊಡಲಾರಂಭಿಸಿತು. ೨೦೨೧ರಲ್ಲಿ ಅದರ ಸ್ಥಾನಕ್ಕೆ ಹಣದ ಚೀಟಿ ಬಂದಿತು. ವಂಡರ್‌ಲಾದಲ್ಲಿಯೂ ಹೆಚ್ಚಿನ ಬೆಲೆಯ ಫಾಸ್ಟ್‌ಟ್ರ್ಯಾಕ್ ಟಿಕೆಟು ದೊರೆಯುತ್ತದೆ. ಆ ಟಿಕೆಟಿನಿಂದ ಯಂತ್ರದ ಆಸನಗಳು ಒಂದಾದರೂ ಹೆಚ್ಚುವುದಿಲ್ಲ. ಒಬ್ಬನಿಗೆ ಉಳಿದ ಹೊತ್ತು ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ. ವಿಶೇಷ ದರ್ಶನದ ಟಿಕೆಟು ಮಾರುವ ದೇವಾಲಯಗಳನ್ನು ನೋಡಿದರೆ ಈ ವಿದ್ಯೆಯನ್ನು ಯಾರು ಯಾರಿಂದ ಕಲಿತರೆಂದು ಹೇಳುವುದು ಕಷ್ಟ.

ಟಿಕೆಟಿನಿಂದಲೂ ಯಂತ್ರದಿಂದಲೂ ದೂರವಿದ್ದ ಸ್ಥಳಗಳಿಗೆ ಇದೇ ಸ್ಥಿತಿ ಒದಗಿರುವುದು ನಂದಿ ಬೆಟ್ಟದಲ್ಲಿ ಕಾಣುತ್ತದೆ. ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ಬೆಂಗಳೂರಿನಿಂದ ದಾರಿ ದೇವನಹಳ್ಳಿಯ ಮೇಲೆಯೇ. ಕಮಿಷನರ್ ಮಾರ್ಕ್ ಕಬ್ಬನ್ನರು ಬೇಸಗೆಯನ್ನು ಕಳೆಯುತ್ತಿದ್ದ, ೧೯೨೭ರಲ್ಲಿ ಗಾಂಧೀಜಿಯವರು ವಿಶ್ರಾಂತಿಗೆಂದು ಬಂದು ತಂಗಿದ ಈ ಬೆಟ್ಟದ ಆಕರ್ಷಣೆ ಅದರ ನಿಶ್ಶಬ್ದವೇ ಆಗಿದ್ದಿತು. ೨೦೦೮ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದು ಹೆದ್ದಾರಿ ಅಗಲವಾದ ಮೇಲೆ ನಗರದಿಂದ ನಸುಕಿನಲ್ಲಿ ಹೊರಟು ಸೂರ್ಯೋದಯಕ್ಕೆ ಬೆಟ್ಟ ಸೇರುವುದು ಸುಲಭವಾಯಿತು. ಹೆದ್ದಾರಿ ಅಗಲವಾಯಿತಲ್ಲದೆ ಬೆಟ್ಟದ ತಿರುವುಗಳು ಅಗಲವಾಗಲಿಲ್ಲ. ಸೂರ್ಯೋದಯವಾದರೂ ದಿನಕ್ಕೆ ಒಂದೇ. ಬುಡದಲ್ಲಿ ವಾಹನಗಳು ಸಾಲುಗಟ್ಟಿ, ಹಲವರಿಗೆ ದಾರಿಯಲ್ಲೇ ಬೆಳಗಾಗುತ್ತದೆ.

೨೦೨೧ರ ಜುಲೈ ತಿಂಗಳಲ್ಲಿ, ಕೋವಿಡ್ ನಿರ್ಬಂಧಗಳು ಸಡಿಲಿದೊಡನೆ ಜನ ಕಿಕ್ಕಿರಿದುದರಿಂದ, ಜಿಲ್ಲಾಡಳಿತ ವಾರಾಂತ್ಯದಲ್ಲಿ ಪ್ರವೇಶವನ್ನು ನಿಷೇಧಿಸಿತು. ಮುಂಚಿತವಾಗಿ ಕೊಠಡಿ ಕಾದಿರಿಸಿದವರಿಗೆ ಮಾತ್ರ ವಿನಾಯಿತಿ. ಆ ಹೊತ್ತಿನ ಅಪಾಯವನ್ನು ನೆನೆದರೆ ಆಜ್ಞೆ ಯುಕ್ತವೇ. ಮಿತಿ ಬೇಡವೆಂದು ನಾವೂ ಹೇಳುವುದಿಲ್ಲ. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ೧೧ ಮಂದಿ ಕಾಲ್ತುಳಿತದಲ್ಲಿ ಸತ್ತ ಬಳಿಕ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಾರದು. ಆದರೆ ಮಿತಿ ಯಾವ ಬಗೆಯದೆಂಬುದು ಕೇಳತಕ್ಕ ಪ್ರಶ್ನೆ. ಬೆಲೆಯಿಂದ ಮಿತಿ ಹಾಕಿದರೆ ಬಡವನು ಹೊರಗುಳಿಯುತ್ತಾನೆ. ಮೊದಲು ಬಂದವರಿಗೆ ಮೊದಲೆಂದರೆ ದೂರದವನು. ವಾರಾಂತ್ಯವನ್ನೇ ಮುಚ್ಚಿದರೆ ಭಾನುವಾರವೊಂದೇ ಬಿಡುವಾಗಿರುವವನು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿಯೂ ದುಡಿಯುವವರಿಗೆ ನಂದಿ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರ. ಆಗ ವಾರದ ದಿನಗಳಲ್ಲಿ ಮಾತ್ರ ಬೆಟ್ಟ ತೆರೆದಿದ್ದುದು ಅವರ ಪಾಲಿಗೆ, ಬೆಟ್ಟ ಮುಚ್ಚಿದೆ ಎಂದೇ ಅರ್ಥವಾಗಿತ್ತು. ಘಾಟಿಯ ರಥ ಎಳೆಯುವ ದಿನ ಇದೇ ಜನ ಮಗ್ಗ ನಿಲ್ಲಿಸಿ ಹೋಗಬಲ್ಲರು, ಏಕೆಂದರೆ ಅಂದು ಊರಿಗೆ ಊರೇ ಹೋಗುತ್ತದೆ.