ತಾಳೆಯಾಗದ ಎರಡು ಪುಸ್ತಕ: ಭಾರತ ಫುಟ್‌ಬಾಲ್ ತಂಡದ ಪಂದ್ಯ ದಾಖಲೆಗಳ ಚರಿತ್ರೆ

ಚನ್ನಗಿರಿ ತಾಲ್ಲೂಕಿನ ನಮ್ಮ ಉಬ್ರಾಣಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಎರಡು ಪುಸ್ತಕ ತೆರೆದುಕೊಳ್ಳುತ್ತವೆ. ಒಂದು ತೋಟದವರ ಕೈಯಲ್ಲಿ, ಇನ್ನೊಂದು ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಕೈಯಲ್ಲಿ. ಹಸಿ ಅಡಿಕೆ ತೂಕಕ್ಕೆ ಬಂದಾಗಲೆಲ್ಲ ತಾರೀಖು, ಚೀಲ, ಕಿಲೋ ಎಂದು ಇಬ್ಬರೂ ಬರೆದುಕೊಳ್ಳುತ್ತಾರೆ. ಕೊಯ್ಲು ಮುಗಿದ ಮೇಲೆ ಎರಡನ್ನೂ ಜಗಲಿಯ ಮೇಲೆ ಎದುರುಬದುರು ಇಟ್ಟು ತಾಳೆ ನೋಡುತ್ತಾರೆ. ಹತ್ತು ಕಿಲೋ ವ್ಯತ್ಯಾಸ ಬಂದರೂ ಸಾಲು ಸಾಲಾಗಿ ಹಿಂದಕ್ಕೆ ಹೋಗಿ ಯಾವ ದಿನ ತಪ್ಪಿತೆಂದು ಹುಡುಕುತ್ತಾರೆ. ಬರೀ ಮೊತ್ತ ಹಿಡಿದುಕೊಂಡು ವಾದಿಸಿದರೆ ಇತ್ಯರ್ಥವಾಗುವುದಿಲ್ಲ, ಸಾಲು ನೋಡಬೇಕು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

ಭಾರತ ಫುಟ್‌ಬಾಲ್ ತಂಡದ ಪರ ಯಾರು ಎಷ್ಟು ಪಂದ್ಯ ಆಡಿದರು ಎಂಬ ದಾಖಲೆಯ ಚರಿತ್ರೆಯನ್ನು ನೋಡುತ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಜಗಲಿ. ಬೈಚುಂಗ್ ಭುಟಿಯಾ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು 107 ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಲೆಕ್ಕ ಬಹುಕಾಲ ಹೇಳಿತು. ಪಂದ್ಯಗಳನ್ನು ಒಂದೊಂದಾಗಿ ಎಣಿಸುವ ಅಂಕಿಅಂಶ ತಜ್ಞರ ಪಟ್ಟಿಗಳಲ್ಲಿ ಅದೇ ಸಂಖ್ಯೆ ಎಂಬತ್ತರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಬ್ಬನೇ ಆಟಗಾರ, ಅವನೇ ಆಡಿದ ಪಂದ್ಯಗಳು, ಇಪ್ಪತ್ತಕ್ಕೂ ಹೆಚ್ಚು ವ್ಯತ್ಯಾಸ! ಇದು ಯಾರದೋ ಕೈತಪ್ಪಿನಿಂದ ಆದದ್ದಲ್ಲ. ಯಾವುದನ್ನು ‘ದೇಶದ ಪರ ಆಡಿದ ಪಂದ್ಯ’ ಎನ್ನಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದ್ದರಿಂದ ಆದದ್ದು.

ಈ ಲೆಕ್ಕಕ್ಕೆ ‘ಕ್ಯಾಪ್’ ಎಂಬ ಹೆಸರು ಬಂದದ್ದು ನಿಜವಾದ ಟೋಪಿಯಿಂದಲೇ. ದೇಶ ದೇಶಗಳ ನಡುವಿನ ಮೊದಲ ಅಧಿಕೃತ ಪಂದ್ಯ 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆಯಿತು; ಗೋಲಿಲ್ಲದೆ ಮುಗಿಯಿತು. 1886ರಲ್ಲಿ ಎನ್. ಲೇನ್ ಜಾಕ್ಸನ್ ಎಂಬವರು, ಇಂಗ್ಲೆಂಡ್ ಪರ ಆಡಿದವರಿಗೆಲ್ಲ ಕೆಂಪು ಗುಲಾಬಿ ಕಸೂತಿ ಹಾಕಿದ ಬಿಳಿ ರೇಷ್ಮೆಯ ಟೋಪಿ ಕೊಡಬೇಕೆಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟರು. ಟೋಪಿ ಕೊಟ್ಟ ಮೇಲೆ ಯಾರಿಗೆ ಎಷ್ಟು ಕೊಟ್ಟೆವೆಂದು ಬರೆದಿಡಲೇಬೇಕಲ್ಲ? ದಾಖಲೆ ಹುಟ್ಟಿಕೊಂಡದ್ದು ಹೀಗೆ, ವಸ್ತುವಿನ ಹಿಂದೆ ಹಿಂದೆ. 1959ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬಿಲ್ಲಿ ರೈಟ್ ನೂರನೆಯ ಪಂದ್ಯ ಆಡಿದಾಗ ಜಗತ್ತಿನಲ್ಲಿ ಆ ಮೈಲಿಗಲ್ಲು ಮುಟ್ಟಿದ ಮೊದಲಿಗರಾದರು. ಅವರ ಸಂಖ್ಯೆಯ ಬಗ್ಗೆ ತಕರಾರು ಎದ್ದಿಲ್ಲ. ಏಕೆಂದರೆ ಅಲ್ಲಿ ಪ್ರತಿ ಪಂದ್ಯಕ್ಕೂ ಒಂದು ಸಾಲು ಇತ್ತು.

ನಮ್ಮಲ್ಲಿ ಪುಸ್ತಕ ತೆರೆದದ್ದೇ ತಡವಾಗಿ. ಅಖಿಲ ಭಾರತ ಫೆಡರೇಷನ್ ಹುಟ್ಟಿದ್ದು 1937ರಲ್ಲಿ. ಮರುವರ್ಷ ಒಂದು ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋಗಿ ಆ ದೇಶದ ತಂಡದೊಂದಿಗೆ ಆಡಿತು. ಫಿಫಾ ಸದಸ್ಯತ್ವ ಸಿಕ್ಕಿದ್ದು 1948ರಲ್ಲಿ. ಅದೇ ವರ್ಷ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯ. ಕನ್ನಡನಾಡಿನ ಕಣ್ಣಿಂದ ನೋಡುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

1948ರ ಜುಲೈ 31, ಲಂಡನ್ನಿನ ಹೊರವಲಯದ ಇಲ್ಫೋರ್ಡ್. ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಇಳಿದಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿ ಸಮಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೆ ಮನೆಗೆ ಎಂಬ ಕೂಟ, ಹಾಗಾಗಿ ಭಾರತದ ಒಲಿಂಪಿಕ್ ಅಲ್ಲಿಗೇ ಮುಗಿಯಿತು. ರಾಮನ್ ಜತೆ ಅಹ್ಮದ್ ಖಾನ್, ಧನರಾಜ್, ಬಷೀರ್, ವರದರಾಜ್ ಹೀಗೆ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರ ದೊಡ್ಡ ಗುಂಪೇ ಆ ತಂಡದಲ್ಲಿತ್ತು. ಮೈಸೂರು ರಾಜ್ಯದ ತಂಡ 1946–47ರಲ್ಲಿ ಸಂತೋಷ್ ಟ್ರೋಫಿ ಗೆದ್ದು ಬಂದಿತ್ತು. ಈ ಆಯ್ಕೆಯ ಹಿಂದೆ ಅದರ ಬಲವೂ ಇತ್ತು ಎಂದೇ ನನ್ನ ತಿಳಿವಳಿಕೆ.

ಈಗ ಆ ತಂಡದ ಗೋಲ್‌ಕೀಪರುಗಳನ್ನು ನೋಡೋಣ. ಹೋದವರು ಇಬ್ಬರು: ಬೆಂಗಳೂರಿನ ಕೆ. ವಿ. ವರದರಾಜ್, ಮತ್ತು ಹೆಸರೇ ಹೇಳುವ ಹಾಗೆ ನಮ್ಮ ಕರಾವಳಿ ಕಡೆಯ ಸಂಜೀವ ಉಚ್ಚಿಲ್. ಪಂದ್ಯ ಒಂದೇ. ಆಟದ ನಡುವೆ ಬದಲಿ ಇಳಿಸುವ ಪದ್ಧತಿ ಆಗ ಇರಲಿಲ್ಲ. ವಿಶ್ವಕಪ್ಪಿನಲ್ಲೇ ಅದು ಬಂದದ್ದು 1970ರಲ್ಲಿ. ಅಂದರೆ ಆ ಒಂದೇ ಪಂದ್ಯಕ್ಕೆ ಕೂಟ ಮುಗಿದಾಗ ಇಬ್ಬರಲ್ಲಿ ಒಬ್ಬರಿಗೆ ಆ ಒಲಿಂಪಿಕ್‌ನಲ್ಲಿ ಸೊನ್ನೆ ನಿಶ್ಚಯವಾಗಿತ್ತು. ಇವತ್ತಿನ ಪಂದ್ಯದಲ್ಲಿ 89ನೆಯ ನಿಮಿಷಕ್ಕೆ ಇಳಿದು ಒಂದೇ ಒಂದು ಸಲ ಚೆಂಡು ಮುಟ್ಟಿದವನಿಗೂ ಪೂರ್ತಿ ಒಂದು ಕ್ಯಾಪ್ ಬರೆಯುತ್ತಾರೆ. ಸಮುದ್ರ ದಾಟಿ ಹೋಗಿ, ವಾರಗಟ್ಟಲೆ ತಂಡದೊಂದಿಗೆ ಅಭ್ಯಾಸ ಮಾಡಿ ಬಂದವನ ಸಾಲು ಖಾಲಿ. ನಿಯಮ ನಿಯಮವೇ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಸೊನ್ನೆಯನ್ನು ಓದುವಾಗ ಈ ಹಿನ್ನೆಲೆ ಗೊತ್ತಿರಲಿ.

ಇನ್ನೊಂದು ತೊಡಕು. ಒಲಿಂಪಿಕ್ ಮುಗಿದ ಮೇಲೆ ತಂಡ ಯುರೋಪಿನಲ್ಲಿ ಪ್ರವಾಸ ಮಾಡಿ ಕೆಲವು ಕ್ಲಬ್ಬುಗಳೊಂದಿಗೆ ಆಡಿತು. ಹಾಲೆಂಡಿನ ಆಯಾಕ್ಸ್ ವಿರುದ್ಧ ಗೆದ್ದಿತು. ಭಾರತದ ಅಂಗಿ ತೊಟ್ಟು, ಭಾರತದ ಹೆಸರಲ್ಲಿ ಆಡಿದ ಪಂದ್ಯಗಳು. ಆಡಿದವರ ಮಟ್ಟಿಗೆ ಫ್ರಾನ್ಸ್ ಪಂದ್ಯಕ್ಕೂ ಇದಕ್ಕೂ ಬೆವರಿನಲ್ಲಿ ವ್ಯತ್ಯಾಸವಿಲ್ಲ. ಎದುರಿಗಿದ್ದದ್ದು ದೇಶವಲ್ಲ, ಕ್ಲಬ್, ಆದ್ದರಿಂದ ಲೆಕ್ಕಕ್ಕಿಲ್ಲ. ಮುಂದೆ ಭುಟಿಯಾ ಕಾಲದ ಗೊಂದಲಕ್ಕೂ ಇದೇ ಬೀಜ.

ಅಹ್ಮದ್ ಖಾನ್ ಅವರ ಹಾದಿ ಹಿಡಿದು ಇನ್ನೂ ಸ್ವಲ್ಪ ಮುಂದೆ ಹೋಗೋಣ. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಅವರೂ ಒಬ್ಬರು, ಧನರಾಜ್ ಮತ್ತೊಬ್ಬರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇಂಡೋನೇಷ್ಯಾ, ಅಫ್ಘಾನಿಸ್ತಾನ, ಇರಾನ್ ತಂಡಗಳನ್ನು ಸೋಲಿಸಿ ಚಿನ್ನ ಗೆದ್ದಾಗ ತಂಡದಲ್ಲಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಬಡಿದಾಗ ಭಾರತದ ಆ ಒಂದು ಗೋಲು ಅವರದೇ. ಈಗ ಎಣಿಸಿ: ಒಂದು ಏಷ್ಯನ್ ಗೇಮ್ಸ್, ಎರಡು ಒಲಿಂಪಿಕ್. ಈ ಮೂರೂ ಕೂಟ ಸೇರಿ ಭಾರತ ಆಡಿದ್ದು ಐದೇ ಪಂದ್ಯ. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಅರ್ಹತೆ ಸಿಕ್ಕಿದ್ದರೂ ತಂಡ ಹೋಗದೆ ಉಳಿದದ್ದರಿಂದ ಸಿಗಬಹುದಾಗಿದ್ದ ಮೂರು ಪಂದ್ಯಗಳೂ ಹೋದವು.

ಇದರ ಪಕ್ಕಕ್ಕೆ 2023ರ ಬೇಸಿಗೆಯನ್ನು ಇಟ್ಟು ನೋಡಿ. ಜೂನ್ 9ರಂದು ಭುವನೇಶ್ವರದಲ್ಲಿ ಮಂಗೋಲಿಯಾ ವಿರುದ್ಧ ಶುರುಮಾಡಿದ ಭಾರತ, ಜುಲೈ 4ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್ ಗೆಲ್ಲುವ ಹೊತ್ತಿಗೆ ಒಂಬತ್ತು ಪಂದ್ಯ ಆಡಿತ್ತು. 26 ದಿನ, ಒಂಬತ್ತು ಪಂದ್ಯ. ಅಹ್ಮದ್ ಖಾನ್ ಪೀಳಿಗೆಗೆ ನಾಲ್ಕು ವರ್ಷಗಳ ಮೂರು ದೊಡ್ಡ ಕೂಟಗಳಲ್ಲಿ ಸಿಕ್ಕಿದ್ದರ ಹೆಚ್ಚುಕಡಿಮೆ ಎರಡರಷ್ಟು ಒಂದು ತಿಂಗಳೊಳಗೆ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲೂ 1960ರ ರೋಮ್ ತಂಡದಲ್ಲೂ ಇದ್ದ ಬೆಂಗಳೂರಿನ ಕೆಂಪಯ್ಯನವರನ್ನು ತೆಗೆದುಕೊಂಡರೂ ಕತೆ ಇದೇ: ಪ್ರತಿ ಒಲಿಂಪಿಕ್‌ನಲ್ಲಿ ಭಾರತಕ್ಕೆ ಮೂರು ಮೂರು ಪಂದ್ಯ. ಬರೀ ಮೊತ್ತದ ಪಟ್ಟಿಯಲ್ಲಿ ಇಂಥವರು ಎಲ್ಲೋ ತಳದಲ್ಲಿ ಸಿಗುತ್ತಾರೆ. ತಂಡ ಆಡಿದ ಪಂದ್ಯಗಳಲ್ಲಿ ಎಷ್ಟರಲ್ಲಿ ಈ ಆಟಗಾರ ಇದ್ದ ಎಂದು ಕೇಳಿದರೆ ಪಟ್ಟಿ ತಲೆಕೆಳಗಾದೀತು. ಶಾಲೆಯ ಹಾಜರಿಯಲ್ಲೂ ನಾವು ನೋಡುವುದು ಮಗು ಎಷ್ಟು ದಿನ ಬಂತು ಎಂಬುದನ್ನಷ್ಟೇ ಅಲ್ಲ, ಶಾಲೆ ನಡೆದ ದಿನಗಳೆಷ್ಟು ಎಂಬುದನ್ನೂ. ಫುಟ್‌ಬಾಲ್ ಬರಹಗಾರರು ಈ ಎರಡನೆಯ ಕಾಲಂ ಅನ್ನು ಬಿಟ್ಟುಬಿಟ್ಟದ್ದು ದೊಡ್ಡ ಲೋಪವೆಂದೇ ನಾನು ತಿಳಿದಿದ್ದೇನೆ.

1982ರಲ್ಲಿ ಕಲ್ಕತ್ತಾದಲ್ಲಿ ನೆಹರೂ ಕಪ್ ಶುರುವಾದ ಮೇಲೆ ಅವಕಾಶಗಳು ಹೆಚ್ಚಿದವು, ಅದರೊಂದಿಗೆ ಗೊಂದಲವೂ. ಆಹ್ವಾನದ ಮೇಲೆ ನಡೆಯುವ ಕೂಟವಾದ್ದರಿಂದ ಕೆಲವು ದೇಶಗಳು ಪೂರ್ಣ ತಂಡದ ಬದಲು ಒಲಿಂಪಿಕ್ ತಂಡವನ್ನೋ ಎರಡನೆಯ ದರ್ಜೆಯ ತಂಡವನ್ನೋ ಕಳಿಸುತ್ತಿದ್ದವು. 2012ರಲ್ಲಿ ದೆಹಲಿಯಲ್ಲಿ ಭಾರತ ಫೈನಲ್‌ನಲ್ಲಿ ಪೆನಾಲ್ಟಿಗಳ ಮೇಲೆ ಮಣಿಸಿದ ಕ್ಯಾಮರೂನ್ ಕೂಡ ತನ್ನ ಮುಖ್ಯ ಆಟಗಾರರನ್ನು ಕರೆತಂದಿರಲಿಲ್ಲ. ಗ್ಯಾಲರಿಯಲ್ಲಿ ಕೂತವನಿಗೆ ಅದು ಭಾರತದ ಪಂದ್ಯ. ಫೆಡರೇಷನ್ನಿಗೂ ಭಾರತದ ಪಂದ್ಯ. ಎರಡೂ ಕಡೆ ಪೂರ್ಣ ರಾಷ್ಟ್ರೀಯ ತಂಡವೇ ಇರಬೇಕು ಎನ್ನುವ ಪುಸ್ತಕಕ್ಕೆ ಅದು ಪಂದ್ಯವೇ ಅಲ್ಲ. ಸೌಹಾರ್ದ ಪಂದ್ಯಗಳಲ್ಲಿ ಆರಕ್ಕಿಂತ ಹೆಚ್ಚು ಬದಲಿ ಆಟಗಾರರನ್ನು ಇಳಿಸಿದರೆ ಮಾನ್ಯತೆ ಇಲ್ಲವೆಂದು 2004ರಲ್ಲಿ ಬಂದ ನಿಯಮ ಇನ್ನೊಂದು ಜರಡಿ. 2009ರ ನೆಹರೂ ಕಪ್‌ನಲ್ಲಿ ಭುಟಿಯಾ ಅವರ ನೂರನೆಯ ಪಂದ್ಯವನ್ನು ದೇಶ ಸಂಭ್ರಮಿಸಿದಾಗ ಈ ಜರಡಿಗಳನ್ನು ಯಾರೂ ಹಿಡಿದಿರಲಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. ಮಲೇಷ್ಯಾದ ಸೋ ಚಿನ್ ಆನ್ ಅವರ ಪಂದ್ಯಗಳು 219 ಎಂದು ಅವರ ದೇಶ ಹೇಳುತ್ತಿತ್ತು. ಒಲಿಂಪಿಕ್ ಅರ್ಹತೆಯ ಪಂದ್ಯಗಳನ್ನು ತೆಗೆದು ಫಿಫಾ ಅದನ್ನು 195ಕ್ಕೆ ಇಳಿಸಿತು. ಮುಂದೆ ಕುವೈತ್‌ನ ಬದರ್ ಅಲ್ ಮುತಾವಾ 196 ಮುಟ್ಟಿದರು, 2023ರ ಮಾರ್ಚ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ದಾಟಿದರು. 219 ಉಳಿದಿದ್ದರೆ ಈ ಇಬ್ಬರ ವಿಶ್ವದಾಖಲೆಗಳೂ ಆಗ ಆಗುತ್ತಿರಲಿಲ್ಲ.

ಭುಟಿಯಾ ಲೆಕ್ಕದ ತೊಡಕು ಸುನಿಲ್ ಚೆಟ್ರಿ ಅವರ ಕಾಲದಲ್ಲಿ ತಾನಾಗಿ ಸಡಿಲವಾಯಿತು. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿ ಗೋಲು ಹೊಡೆದ ಚೆಟ್ರಿ, 2013ರಿಂದ ಬೆಂಗಳೂರು ಎಫ್‌ಸಿಯಲ್ಲಿ ನೆಲೆನಿಂತು ನಮ್ಮವರೇ ಆದರು. 2018ರ ಜೂನ್ 4ರಂದು ಮುಂಬೈನಲ್ಲಿ ಕೀನ್ಯಾ ವಿರುದ್ಧ ಅವರ ನೂರನೆಯ ಪಂದ್ಯ. ಅದಕ್ಕೆ ಮುಂಚೆ, ಮೈದಾನಕ್ಕೆ ಬನ್ನಿ, ಬೈಯಬೇಕೆನಿಸಿದರೆ ಬಂದು ಬೈಯಿರಿ ಎಂಬರ್ಥದಲ್ಲಿ ಅವರು ಮಾಡಿಕೊಂಡ ಮನವಿಗೆ ಗ್ಯಾಲರಿ ತುಂಬಿತು. 2019ರ ಜೂನ್ 5ರಂದು ಥಾಯ್ಲೆಂಡಿನಲ್ಲಿ ಕುರಸಾವ್ ವಿರುದ್ಧ 108ನೆಯ ಪಂದ್ಯ ಆಡಿ ಭುಟಿಯಾರ 107 ದಾಟಿದರೆಂದು ಫೆಡರೇಷನ್ ಘೋಷಿಸಿತು. ಇನ್ನೊಂದು ಪುಸ್ತಕ ನೋಡುವವರ ಲೆಕ್ಕದಲ್ಲಿ ಅವರು ಭುಟಿಯಾರನ್ನು ದಾಟಿ ವರ್ಷಗಳೇ ಕಳೆದಿದ್ದವು. ಎರಡೂ ಪುಸ್ತಕಗಳಲ್ಲಿ ಮೊದಲ ಸಾಲಿಗೆ ಒಂದೇ ಹೆಸರು ಬಂದ ಮೇಲೆ ತಕರಾರು ತಣ್ಣಗಾಯಿತು, ಆದರೆ ಇತ್ಯರ್ಥವಾಗಲಿಲ್ಲ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ 150, ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ 151 ಮತ್ತು ವಿದಾಯ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಮರಳಿ ಬಂದು ಮತ್ತೊಂದು ಗೋಲು. ಮುಚ್ಚಿದ ಪುಟ ಮತ್ತೆ ತೆರೆಯಿತು.

ಇಷ್ಟೂ ಗಂಡಸರ ಪುಸ್ತಕ. ಹೆಂಗಸರದು ಇನ್ನೂ ಸಂಕಟದ್ದು. 1970ರ ದಶಕದ ಮಧ್ಯದಲ್ಲಿ ಹುಟ್ಟಿದ ಮಹಿಳಾ ಫುಟ್‌ಬಾಲ್ ಫೆಡರೇಷನ್ ಪ್ರತ್ಯೇಕ ಸಂಸ್ಥೆಯಾಗಿತ್ತು. ಅಖಿಲ ಭಾರತ ಫೆಡರೇಷನ್ ಮಹಿಳಾ ಆಟದ ಹೊಣೆ ಹೊತ್ತದ್ದು 1990ರ ದಶಕದಲ್ಲಿ. ನಡುವಿನ ವರ್ಷಗಳಲ್ಲೇ ಭಾರತದ ಹೆಣ್ಣುಮಕ್ಕಳು ಏಷ್ಯಾದ ಕೂಟಗಳಲ್ಲಿ ಎರಡು ಸಲ ಫೈನಲ್ ಆಡಿದ್ದು. 1980ರ ಆರಂಭದಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯನ್ ಕೂಟದಲ್ಲಂತೂ ಭಾರತ ಒಂದಲ್ಲ, ಎರಡು ತಂಡ ಇಳಿಸಿತು: ‘ಇಂಡಿಯಾ ಎಸ್’ ಮತ್ತು ‘ಇಂಡಿಯಾ ಎನ್’. ‘ಎಸ್’ ತಂಡ ಫೈನಲ್ ತಲುಪಿ ತೈವಾನ್‌ಗೆ ಸೋತು ಎರಡನೆಯ ಸ್ಥಾನ ಪಡೆಯಿತು. ಎರಡರಲ್ಲಿ ರಾಷ್ಟ್ರೀಯ ತಂಡ ಯಾವುದು? ‘ಎನ್’ ಪರ ಆಡಿದವಳು ದೇಶದ ಪರ ಆಡಿದಳೋ ಇಲ್ಲವೋ? ಗಂಡಸರ ಆಟಕ್ಕೆಂದು ಮಾಡಿದ ಯಾವ ನಿಯಮದಲ್ಲೂ ಈ ಪ್ರಶ್ನೆಗೆ ಜಾಗವಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ದೇಶದ ಹೆಸರು ಕೊಟ್ಟು ಇಳಿಸಿದವರೆಲ್ಲರಿಗೂ ಸಾಲು ಬರೆಯಬೇಕು, ಷರಾ ಕಾಲಂನಲ್ಲಿ ಯಾವ ತಂಡವೆಂದು ನಮೂದಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಆಶಾಲತಾ ದೇವಿ ನೂರು ಪಂದ್ಯ ಮುಟ್ಟಿದ ಮೊದಲ ಭಾರತೀಯ ಮಹಿಳೆಯಾದರು. ಅವರ ಸಾಲುಗಳು ಭದ್ರವಾಗಿವೆ. ಬೆಂಗಳೂರಿನ ಚಿತ್ರಾ ಗಂಗಾಧರನ್ ಮತ್ತು ಅವರ ಓರಗೆಯವರ ಸಾಲುಗಳಿಗೂ ಅದೇ ಭದ್ರತೆ ಬೇಕು.

ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, 90 ವರ್ಷ. ಇಲ್ಫೋರ್ಡಿನ ಪಂದ್ಯವನ್ನು ಇನ್ನು ಅವರ ಬಾಯಿಂದ ಕೇಳುವಂತಿಲ್ಲ. ಕಲ್ಲಿಕೋಟೆಯಲ್ಲಿ ಆಡಿದ ಹುಡುಗಿಯರು ಈಗ ಅರವತ್ತು ದಾಟಿದವರು. ಅವರನ್ನು ಕೂರಿಸಿಕೊಂಡು, ಹಳೆಯ ಫೋಟೊ, ಪತ್ರಿಕೆಯ ತುಣುಕುಗಳನ್ನು ಮುಂದಿಟ್ಟುಕೊಂಡು ಯಾವ ದಿನ, ಯಾವ ಮೈದಾನ, ಎದುರಾಳಿ ಯಾರು, ಯಾರು ಹೊರಗೆ ಬಂದಾಗ ಯಾರು ಒಳಗೆ ಹೋದರು ಎಂದು ಕೇಳಿದರೆ ನಾಲ್ಕು ಕಾಲಂ ತುಂಬುತ್ತವೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ನೆನಪಿನೊಂದಿಗೆ ಇಟ್ಟು ತಾಳೆ ನೋಡುವುದಕ್ಕೂ ಈಗ ಜನ ಇದ್ದಾರೆ.