ಶಿಕಾರಿಯ ಸಣ್ಣ ಚೀಲ: ತೋಟಾಗಳ ಜೊತೆಗೆ ಏನೇನಿರಬೇಕು?

ಅಮೆರಿಕದ ಉತ್ತರ ಮತ್ತು ದಕ್ಷಿಣ ಡಕೋಟಾ ರಾಜ್ಯಗಳ ವಿಶಾಲ ಬಯಲುಗಳಲ್ಲಿ ಶರತ್ಕಾಲವೆಂದರೆ ಹಕ್ಕಿ ಶಿಕಾರಿಯ ಕಾಲ. ಕೊಯ್ಲಾದ ಮೆಕ್ಕೆಜೋಳದ ಹೊಲಗಳ ಅಂಚಿನಲ್ಲಿ ಫೆಸೆಂಟ್ ಹಕ್ಕಿಗಳನ್ನೂ, ಬಯಲಿನ ಸಾವಿರಾರು ಚಿಕ್ಕ ಕೆರೆಗಳಲ್ಲಿ ಕಾಡುಬಾತುಗಳನ್ನೂ ಅರಸಿ ಬೇಟೆಗಾರರು ದಿನವಿಡೀ ನಡೆಯುತ್ತಾರೆ. ಕೈಯಲ್ಲಿ ತೋಟಾ ಕೋವಿ, ಮುಂದೆ ನಾಯಿ, ಹೆಗಲಿನಲ್ಲಿ ಒಂದು ಸಣ್ಣ ಚೀಲ.

ಈ ಚೀಲದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ತೋಟಾಗಳು ಎಂಬುದೇ ಮೊದಲು ಹೊಳೆಯುವ ಉತ್ತರ. ಆದರೆ ಒಳ್ಳೆಯ ಚೀಲವೊಂದನ್ನು ಬಿಚ್ಚಿ ನೋಡಿದರೆ ಹಕ್ಕಿಯನ್ನು ಹೊಡೆಯಲು ಬೇಕಾದುದಕ್ಕಿಂತ ಹೊಡೆಯುವವನನ್ನು ಹದ್ದುಬಸ್ತಿನಲ್ಲಿಡುವ ಮತ್ತು ಸುರಕ್ಷಿತವಾಗಿ ಮನೆಗೆ ತಲುಪಿಸುವ ವಸ್ತುಗಳೇ ಹೆಚ್ಚಾಗಿ ಕಾಣುತ್ತವೆ. ಅಲ್ಲಿರುವ ಪ್ರತಿಯೊಂದು ವಸ್ತುವಿನ ಹಿಂದೆ ಒಂದು ಕಾನೂನು ಅಥವಾ ಒಂದು ಅಪಾಯವಿದೆ.

ಭಾರತದಲ್ಲಿ ಶಿಕಾರಿ ನಿಷಿದ್ಧ

ಕನ್ನಡದ ಓದುಗರಿಗೆ ಶಿಕಾರಿಯ ಲೋಕ ಅಪರಿಚಿತವಲ್ಲ. ಕೆನೆತ್ ಆಂಡರ್ಸನ್ನರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲಿಕೆಯ ಮೂಲಕ ಮನೆಮನೆಗೆ ತಲುಪಿಸಿದ್ದಾರೆ. ಆದರೆ ಅದು ಮುಗಿದುಹೋದ ಕಾಲದ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದಕ್ಕೆ 1991ರಲ್ಲಿ ತಂದ ತಿದ್ದುಪಡಿಯ ನಂತರ ಭಾರತದಲ್ಲಿ ವಿನೋದಕ್ಕಾಗಿ ವನ್ಯಪ್ರಾಣಿ, ಪಕ್ಷಿಗಳನ್ನು ಬೇಟೆಯಾಡಲು ಅವಕಾಶವಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. ಇದು ಕೋವಿ ಹೊಂದಿರುವುದಕ್ಕೆ ಸಂಬಂಧಿಸಿದ ವಿನಾಯಿತಿಯೇ ಹೊರತು ಬೇಟೆಗೆ ನೀಡಿದ ಅನುಮತಿಯಲ್ಲ. ಹೀಗಾಗಿ ಇಲ್ಲಿ ಹೇಳಿರುವುದೆಲ್ಲ ಶಿಕಾರಿ ಕಾನೂನುಬದ್ಧವಾಗಿರುವ ಅಮೆರಿಕದ ಸಂದರ್ಭಕ್ಕೆ ಸೀಮಿತ.

ಚೀಲ ಏಕೆ ಸಣ್ಣದಿರಬೇಕು?

12 ಬೋರಿನ 25 ತೋಟಾಗಳ ಒಂದು ಪೆಟ್ಟಿಗೆ ಸುಮಾರು ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಮೂರು ಕಿಲೋಗ್ರಾಂ ಆಸುಪಾಸಿನ ಕೋವಿಯನ್ನು ಹಿಡಿದು ಹತ್ತಾರು ಕಿಲೋಮೀಟರ್ ನಡೆಯುವವನಿಗೆ ಪ್ರತಿ ನೂರು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಭಾರದ ಚೀಲ ಹೆಗಲಿನಿಂದ ಜಾರಿದರೆ ಕೋವಿಯನ್ನು ಎತ್ತುವ ಕೈಗೆ ಅಡ್ಡಿಯಾಗುತ್ತದೆ. ದಣಿದ ಬೇಟೆಗಾರ ನಳಿಗೆಯ ದಿಕ್ಕಿನ ಮೇಲಿನ ಗಮನವನ್ನು ಕಳೆದುಕೊಳ್ಳುವ ಸಂಭವವೂ ಹೆಚ್ಚು. ಆದ್ದರಿಂದ ದೇಹಕ್ಕೆ ಅಂಟಿಕೊಂಡಿರುವ, ಒದ್ದೆಯಾಗದ, ಎರಡು ಮೂರು ಪ್ರತ್ಯೇಕ ಖಾನೆಗಳುಳ್ಳ ಚೀಲವೇ ಸೂಕ್ತ.

ಮೊದಲ ಖಾನೆ: ಕಾಗದಪತ್ರಗಳು

ರಾಜ್ಯ ಸರ್ಕಾರ ನೀಡುವ ಬೇಟೆ ಪರವಾನಗಿ ಮತ್ತು ಗುರುತಿನ ಚೀಟಿ ಕಡ್ಡಾಯ. ಖಾಸಗಿ ಜಮೀನಿನಲ್ಲಿ ನಡೆಯುವುದಾದರೆ ಮಾಲೀಕನ ಅನುಮತಿ ಬೇಕು. ಅದು ಲಿಖಿತ ರೂಪದಲ್ಲಿದ್ದರೆ ಒಳ್ಳೆಯದು.

ಬಾತುಕೋಳಿಗಳನ್ನು ಬೇಟೆಯಾಡುವ 16 ವರ್ಷ ಮೇಲ್ಪಟ್ಟವರೆಲ್ಲರೂ ಇದರ ಜೊತೆಗೆ ‘ಡಕ್ ಸ್ಟ್ಯಾಂಪ್’ ಎಂಬ ಕೇಂದ್ರ ಸರ್ಕಾರದ ಚೀಟಿಯನ್ನು ಹೊಂದಿರಬೇಕು. 1934ರಲ್ಲಿ ಆರಂಭವಾದ ಈ ಪದ್ಧತಿಯ ಮೊದಲ ಚೀಟಿಯ ಚಿತ್ರವನ್ನು ಬರೆದವರು ವ್ಯಂಗ್ಯಚಿತ್ರಕಾರ ಜೇ ‘ಡಿಂಗ್’ ಡಾರ್ಲಿಂಗ್. ಚೀಟಿಯ ಬೆಲೆ 25 ಡಾಲರ್. ಸಂಗ್ರಹವಾದ ಪ್ರತಿ ಡಾಲರಿನಲ್ಲಿ 98 ಸೆಂಟ್‌ಗಳು ಜೌಗುಭೂಮಿಯ ಖರೀದಿಗೆ ಮತ್ತು ರಕ್ಷಣೆಗೆ ವಿನಿಯೋಗವಾಗುತ್ತವೆ. ಕಾಗದದ ಚೀಟಿಯಾದರೆ ಅದರ ಮೇಲೆ ಶಾಯಿಯಲ್ಲಿ ಸಹಿ ಇರಬೇಕು. ಸಹಿಯಿಲ್ಲದ ಚೀಟಿಗೆ ಬೇಟೆಯಲ್ಲಿ ಮಾನ್ಯತೆಯಿಲ್ಲ. 2023ರಲ್ಲಿ ಬಂದ ಕಾನೂನಿನ ಪ್ರಕಾರ ಎಲೆಕ್ಟ್ರಾನಿಕ್ ಚೀಟಿಯೂ ಇಡೀ ಋತುವಿಗೆ ಸಲ್ಲುತ್ತದೆ.

ಕಾಗದಪತ್ರಗಳನ್ನು ನೀರು ಸೋಕದ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಅದರ ಜೊತೆಗೆ ಒಂದು ಪೆನ್ನನ್ನೂ ಇಡುವುದು ವಾಡಿಕೆ.

ಎರಡನೆಯ ಖಾನೆ: ತೋಟಾಗಳು

ಬೋರ್ ಎಂಬ ಅಳತೆಯ ಲೆಕ್ಕಾಚಾರ ಹಳೆಯದು. ಒಂದು ಪೌಂಡ್ ಸೀಸದಿಂದ ನಳಿಗೆಯ ಗಾತ್ರದ ಎಷ್ಟು ಗುಂಡುಗಳನ್ನು ಮಾಡಬಹುದೋ ಅದೇ ಬೋರಿನ ಸಂಖ್ಯೆ. ಆದ್ದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು ಸುಮಾರು 15.6 ಮಿಲಿಮೀಟರ್.

ತೋಟಾ ಕೋವಿಯ ಅತ್ಯಂತ ಭೀಕರ ಅವಘಡಗಳಲ್ಲಿ ಒಂದು ಈ ಮೂರು ಮಿಲಿಮೀಟರ್ ಅಂತರದಲ್ಲಿಯೇ ಅಡಗಿದೆ. 20 ಬೋರಿನ ತೋಟಾವನ್ನು ಅಕಸ್ಮಾತ್ತಾಗಿ 12 ಬೋರಿನ ಕೋವಿಗೆ ಹಾಕಿದರೆ ಅದು ಒಳಕ್ಕೆ ಜಾರಿ, ತೋಟಾ ಕೂರುವ ಕೋಣೆಯನ್ನು ದಾಟಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೂ ಈಡು ಹಾರುವುದಿಲ್ಲ. ಕೋವಿ ತೆರೆದು ನೋಡಿದರೆ ಕೋಣೆ ಬರಿದಾಗಿ ಕಾಣುತ್ತದೆ. ತೋಟಾ ಹಾಕುವುದನ್ನೇ ಮರೆತೆನೆಂದು ಭಾವಿಸಿದ ಬೇಟೆಗಾರ 12 ಬೋರಿನ ತೋಟಾವನ್ನು ತುಂಬಿ ಹೊಡೆದರೆ ಮುಂದಿನ ದಾರಿ ಮುಚ್ಚಿರುವುದರಿಂದ ನಳಿಗೆ ಸಿಡಿಯುತ್ತದೆ. ಆ ಸಿಡಿತ ಸಂಭವಿಸುವುದು ಎಡಗೈ ಕೋವಿಯನ್ನು ಹಿಡಿದಿರುವ ಜಾಗದಲ್ಲಿ ಅಥವಾ ಅದರ ಸಮೀಪದಲ್ಲಿ. ಬೆರಳುಗಳನ್ನು, ಕೆಲವೊಮ್ಮೆ ಇಡೀ ಕೈಯನ್ನೇ ಕಳೆದುಕೊಳ್ಳುವ ಅಪಾಯವಿರುವ ಕಾರಣಕ್ಕಾಗಿಯೇ ಅಮೆರಿಕದ ತಯಾರಕರು 20 ಬೋರಿನ ತೋಟಾಗಳಿಗೆ ಹಳದಿ ಬಣ್ಣವನ್ನು ಮೀಸಲಿಟ್ಟಿದ್ದಾರೆ.

ಆದರೂ ಬೆಳಗಿನ ಮಬ್ಬಿನಲ್ಲಿ, ಕೈಗವಸು ತೊಟ್ಟ ಬೆರಳುಗಳಿಗೆ ಬಣ್ಣ ತಿಳಿಯುವುದಿಲ್ಲ. ಹೀಗಾಗಿ ಒಂದು ಚೀಲದಲ್ಲಿ ಒಂದೇ ಬೋರಿನ ತೋಟಾ ಎಂಬುದು ಎಂದೂ ಮುರಿಯಬಾರದ ನಿಯಮ. ಎರಡು ಕೋವಿಗಳಿರುವವರು ಎರಡು ಚೀಲಗಳನ್ನು ಇಟ್ಟುಕೊಳ್ಳುವುದು ಲೇಸು. ತೋಟಾದ ಉದ್ದವೂ ನಳಿಗೆಯ ಮೇಲೆ ಮುದ್ರಿಸಿರುವ ಅಳತೆಗೆ ಹೊಂದಬೇಕು. 70 ಮಿಲಿಮೀಟರಿನ ಕೋಣೆಗೆ 76 ಮಿಲಿಮೀಟರಿನ ತೋಟಾ ಸಲ್ಲದು.

ಸಂಖ್ಯೆಯ ವಿಷಯಕ್ಕೆ ಬಂದರೆ, ದಕ್ಷಿಣ ಡಕೋಟಾದಲ್ಲಿ ಒಬ್ಬನಿಗೆ ದಿನಕ್ಕೆ ಮೂರು ಗಂಡು ಫೆಸೆಂಟ್‌ಗಳ ಮಿತಿಯಿದೆ. ಹೆಣ್ಣನ್ನು ಹೊಡೆಯುವಂತಿಲ್ಲ. ಮೂರು ಹಕ್ಕಿಗಳಿಗಾಗಿ ನೂರು ತೋಟಾ ಹೊರುವುದರಲ್ಲಿ ಅರ್ಥವಿಲ್ಲ. ಹೆಚ್ಚಿನವರಿಗೆ ಒಂದು ಪೆಟ್ಟಿಗೆ ಧಾರಾಳವಾಯಿತು. ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಬೆಣೆಯೊಂದನ್ನು ತೊಡಿಸಿರಬೇಕೆಂಬ ನಿಯಮವೂ ಇದೆ.

ಸೀಸವೋ, ಉಕ್ಕೋ?

ಒಂದು ಔನ್ಸ್ ತೂಕದ ಆರನೆಯ ನಂಬರಿನ ಸೀಸದ ತೋಟಾದಲ್ಲಿ ಸುಮಾರು 225 ಚರೆಗಳಿರುತ್ತವೆ. ಹಕ್ಕಿಗೆ ತಗಲುವುದು ಕೆಲವು ಮಾತ್ರ. ಉಳಿದವು ನೀರಿಗೆ, ಕೆಸರಿಗೆ ಸೇರುತ್ತವೆ. ಬಾತುಗಳು ಆಹಾರ ಅರೆಯಲು ನುಂಗುವ ಸಣ್ಣ ಕಲ್ಲುಗಳೊಂದಿಗೆ ಈ ಚರೆಗಳನ್ನೂ ನುಂಗುತ್ತವೆ. ಜಠರದಲ್ಲಿ ಅರೆದ ಸೀಸ ರಕ್ತಕ್ಕೆ ಸೇರಿ ಹಕ್ಕಿ ನಿಧಾನವಾಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ವಿಷವೇರುತ್ತದೆ. ಈ ಕಾರಣದಿಂದ ಅಮೆರಿಕವು ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗುಪ್ರದೇಶಗಳಲ್ಲಿ ಇಂಥದೇ ನಿಷೇಧ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ಬಾತು ಬೇಟೆಯ ಸಮಯದಲ್ಲಿ ಸೀಸದ ತೋಟಾ ಜೇಬಿನಲ್ಲಿದ್ದರೂ ಅಪರಾಧವೇ. ಕಳೆದ ವಾರ ಫೆಸೆಂಟ್ ಶಿಕಾರಿಗೆ ಒಯ್ದು ಚೀಲದ ತಳದಲ್ಲಿ ಉಳಿದ ಒಂದು ಸೀಸದ ತೋಟಾ ಕೂಡ ದಂಡಕ್ಕೆ ದಾರಿಯಾಗಬಹುದು. ಉಕ್ಕಿನ ಚರೆ ಸೀಸಕ್ಕಿಂತ ಹಗುರವಾದ್ದರಿಂದ ಒಂದೆರಡು ನಂಬರ್ ದೊಡ್ಡ ಚರೆಯನ್ನು ಬಳಸುವುದು ರೂಢಿ. ಹಳೆಯ, ತೆಳು ನಳಿಗೆಯ ಕೋವಿಗಳಿಗೆ ಉಕ್ಕು ಹಾನಿಕರ. ಅವುಗಳಿಗೆ ಬಿಸ್ಮತ್‌ನಂತಹ ಮೃದು ಲೋಹದ ಚರೆಗಳು ಲಭ್ಯ.

ನಳಿಗೆ ಶುಚಿಯ ಹಗ್ಗ

ಎಡವಿ ಬಿದ್ದಾಗ ನಳಿಗೆಯ ಬಾಯಿಗೆ ಕೆಸರೋ ಹಿಮವೋ ತುಂಬಿಕೊಳ್ಳುವುದುಂಟು. ದೋಷಪೂರಿತ ತೋಟಾದ ಬೆಂಡು ನಳಿಗೆಯೊಳಗೇ ಉಳಿಯುವುದೂ ಉಂಟು. ಈಡಿನ ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಸಿದರೆ ಇದೇ ಸೂಚನೆ. ಎರಡೂ ಸಂದರ್ಭಗಳಲ್ಲಿ ಮತ್ತೊಂದು ಈಡು ಹೊಡೆದರೆ ನಳಿಗೆ ಸಿಡಿಯಬಹುದು. ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ, ಹಗ್ಗದಂತಹ ಶುಚಿ ಸಾಧನವನ್ನು ಎಳೆದು ತೆಗೆದ ಮೇಲೆಯೇ ಮುಂದುವರಿಯಬೇಕು. ಗಟ್ಟಿಯಾಗಿ ಕಚ್ಚಿಕೊಂಡ ಬೆಂಡು ಹಗ್ಗಕ್ಕೆ ಬಗ್ಗದಿದ್ದರೆ ಆ ದಿನದ ಶಿಕಾರಿ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಕು.

ಕಣ್ಣು, ಕಿವಿ, ಬಣ್ಣ

ತೋಟಾ ಕೋವಿಯ ಸದ್ದು 150 ಡೆಸಿಬಲ್‌ಗಳನ್ನು ಮೀರುತ್ತದೆ. ಕಿವಿಗೆ ಹಾನಿ ಆರಂಭವಾಗುವ 140 ಡೆಸಿಬಲ್‌ಗಳ ಮಿತಿಗಿಂತ ಇದು ಬಹಳ ಹೆಚ್ಚು. ಕಿವಿಬೆಣೆಗಳು ಕೆಲವೇ ಗ್ರಾಂ ತೂಗುತ್ತವೆ. ಆದರೆ ಒಮ್ಮೆ ಕಳೆದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಸಣ್ಣ ಚರೆ ಹಕ್ಕಿಯನ್ನು ಕೊಲ್ಲುವುದು ಸುಮಾರು 35ರಿಂದ 40 ಮೀಟರ್‌ವರೆಗೆ ಮಾತ್ರವಾದರೂ ಅದು 200 ಮೀಟರ್‌ಗೂ ಆಚೆ ಹಾರಬಲ್ಲದು. ಅಷ್ಟು ದೂರದ ಚರೆ ಕೂಡ ಕಣ್ಣಿಗೆ ಅಪಾಯಕಾರಿ. ಆದ್ದರಿಂದ ಒಡೆಯದ ಗಾಜಿನ ಕನ್ನಡಕ ಅವಶ್ಯ.

ಫೆಸೆಂಟ್ ಶಿಕಾರಿಯಲ್ಲಿ ಹಲವರು ಸಾಲಾಗಿ ನಡೆಯುತ್ತಾರೆ. ಹಕ್ಕಿ ತಗ್ಗಿನಲ್ಲಿ ಹಾರಿದಾಗ ಅದರ ಹಿಂದೆ ತಿರುಗುವ ನಳಿಗೆಯ ಮುಂದೆ ಜೊತೆಗಾರನೇ ಬಂದುಬಿಡಬಹುದು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿ, ಅಂಗಿಗಳ ಉದ್ದೇಶ ಆ ಕ್ಷಣದಲ್ಲಿ ಕೈ ತಡೆಯುವುದು. ಚೀಲದಲ್ಲಿ ಹೆಚ್ಚುವರಿ ಕಿತ್ತಳೆ ಟೋಪಿಯೊಂದಿದ್ದರೆ ಮರೆತು ಬಂದ ಜೊತೆಗಾರನಿಗೂ ಒದಗುತ್ತದೆ.

ಪ್ರಾಣರಕ್ಷಕ ವಸ್ತುಗಳು

ಬಯಲಿನಲ್ಲಿ ಆಸ್ಪತ್ರೆ ದೂರ. ರಕ್ತಸ್ರಾವ ತಡೆಯುವ ಬಿಗಿಪಟ್ಟಿ ಹಾಗೂ ಒತ್ತುಬಟ್ಟೆ ಪ್ರಥಮ ಚಿಕಿತ್ಸೆಯ ಪೊಟ್ಟಣದಲ್ಲಿ ಮೇಲೆಯೇ ಇರಬೇಕು. ಜೊತೆಗೆ ಸೀಟಿ, ದಿಕ್ಸೂಚಿ, ತಲೆಗೆ ಕಟ್ಟುವ ದೀಪ, ಬೆಂಕಿಕಡ್ಡಿ, ಒಂದು ಜೊತೆ ಉಣ್ಣೆಯ ಕಾಲುಚೀಲ, ನೀರು ಮತ್ತು ಒಂದಿಷ್ಟು ಒಣಹಣ್ಣು. ಒದ್ದೆಯಾದ ಹತ್ತಿಬಟ್ಟೆ ಗಾಳಿಗೆ ಸಿಕ್ಕಿದರೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿನ ಉಷ್ಣಾಂಶದಲ್ಲಿಯೂ ಮೈಶಾಖ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬ ಚೀಟಿಯನ್ನು ಮಾತ್ರ ಚೀಲದಲ್ಲಿಡದೆ ಮನೆಯಲ್ಲಿ ಬಿಟ್ಟು ಹೋಗಬೇಕು.

ನಾಯಿಯ ಪಾಲು

ಋತುವಿನ ಆರಂಭದ ಬೆಚ್ಚಗಿನ ದಿನಗಳಲ್ಲಿ ಮನುಷ್ಯನಿಗಿಂತ ಮೊದಲು ಬಳಲುವುದು ನಾಯಿ. ಅದು ಬೆವರಿನ ಮೂಲಕ ಮೈ ತಣಿಸಿಕೊಳ್ಳಲಾರದು. ಆದ್ದರಿಂದ ಮಡಚುವ ಬಟ್ಟಲು ಮತ್ತು ಪ್ರತ್ಯೇಕ ನೀರು ಬೇಕು. ಮುಳ್ಳುಹಂದಿಯ ಮುಳ್ಳು, ಹುಲ್ಲಿನ ಸುಂಕು ತೆಗೆಯಲು ಚಿಮಟ, ಕಣ್ಣು ತೊಳೆಯಲು ಲವಣದ್ರಾವಣ ಚೀಲದಲ್ಲಿರಲಿ.

ಹಕ್ಕಿ ಕೈಸೇರಿದ ಮೇಲೆ

ಸಣ್ಣ ಚೂರಿ, ಕೈಗವಸು, ಗಾಳಿಯಾಡುವ ಬಟ್ಟೆಯ ಚೀಲ ಸಾಕು. ಆದರೆ ಹಕ್ಕಿಯನ್ನು ಪೂರ್ತಿ ಸುಲಿದು ಒಯ್ಯುವಂತಿಲ್ಲ. ಬಾತುವಾದರೆ ಸಾಗಿಸುವಾಗ ಗರಿಸಹಿತ ತಲೆ ಅಥವಾ ಒಂದು ರೆಕ್ಕೆ ಇರಬೇಕು. ಫೆಸೆಂಟ್ ಆದರೆ ಗಂಡೆಂದು ತಿಳಿಸುವ ಗುರುತು ಉಳಿದಿರಬೇಕು. 2022ರಿಂದ ಅಮೆರಿಕದ ಕಾಡುಹಕ್ಕಿಗಳಲ್ಲಿ ಹಕ್ಕಿಜ್ವರ ವ್ಯಾಪಿಸಿರುವುದರಿಂದ ಕೈಗವಸಿನ ಮಹತ್ವ ಹೆಚ್ಚಿದೆ. ರೋಗಗ್ರಸ್ತವೆಂದು ಕಂಡ ಹಕ್ಕಿಯನ್ನು ಮುಟ್ಟಬಾರದು. ಶುಚಿ ಮಾಡುವಾಗ ತಿನ್ನಬಾರದು, ಕುಡಿಯಬಾರದು. ಮಾಂಸವನ್ನು 74 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಿಸಬೇಕು. ಹಾರಿಸಿದ ತೋಟಾಗಳ ಪ್ಲಾಸ್ಟಿಕ್ ಸಿಪ್ಪೆಗಳನ್ನು ಹೆಕ್ಕಿ ತರಲು ಇನ್ನೊಂದು ಚೀಲವಿರಲಿ.

ಮನೆಗೆ ಬಂದ ಮೇಲೆ ಚೀಲ ಝಾಡಿಸಿ

ಶಿಕಾರಿ ಮುಗಿದ ಸಂಜೆ ಚೀಲವನ್ನು ತಲೆಕೆಳಗು ಮಾಡಿ, ಪ್ರತಿ ಖಾನೆಗೂ ಕೈಹಾಕಿ ನೋಡುವುದು ಕೊನೆಯ ಕೆಲಸ. ಅಮೆರಿಕದ ವಿಮಾನಗಳಲ್ಲಿ ಕೈಚೀಲದೊಳಗೆ ತೋಟಾ ಒಯ್ಯುವಂತಿಲ್ಲ. ಭಾರತದಲ್ಲಿ ಪರಿಣಾಮ ಇನ್ನೂ ಗಂಭೀರ. ಪರವಾನಗಿಯಿಲ್ಲದ ಒಂದೇ ಒಂದು ಸಜೀವ ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಅರಿವಿಲ್ಲದೆ ಉಳಿದಿತ್ತೆಂದು ಮನಗಂಡು ನ್ಯಾಯಾಲಯಗಳು ಇಂತಹ ಪ್ರಕರಣಗಳನ್ನು ರದ್ದುಪಡಿಸಿದ ನಿದರ್ಶನಗಳಿವೆ. ಆದರೆ ಅಲ್ಲಿಯವರೆಗೆ ಠಾಣೆ, ಕೋರ್ಟುಗಳ ಅಲೆದಾಟ ತಪ್ಪದು. ಶಿಕಾರಿಗೆ ಬಳಸಿದ ಚೀಲವನ್ನು ಪ್ರಯಾಣಕ್ಕೆ ಬಳಸದಿರುವುದೇ ಎಲ್ಲಕ್ಕಿಂತ ಸುಲಭದ ಮುನ್ನೆಚ್ಚರಿಕೆ.

ಒಂದು ನೋಟದಲ್ಲಿ

* ಪರವಾನಗಿ, ಗುರುತಿನ ಚೀಟಿ, ಡಕ್ ಸ್ಟ್ಯಾಂಪ್, ಜಮೀನಿನ ಅನುಮತಿ, ಪೆನ್ನು
* ಒಂದೇ ಬೋರಿನ, ಸರಿಯಾದ ಉದ್ದದ ಸುಮಾರು 25 ತೋಟಾ, ನೀರುಹಕ್ಕಿಗೆ ಸೀಸರಹಿತ
* ನಳಿಗೆ ಶುಚಿಯ ಹಗ್ಗ, ಪುಟ್ಟ ದೀಪ
* ಕಿವಿಬೆಣೆ, ಕನ್ನಡಕ, ಕಿತ್ತಳೆ ಟೋಪಿ
* ರಕ್ತಸ್ರಾವ ತಡೆಯುವ ಪಟ್ಟಿ, ಸೀಟಿ, ದಿಕ್ಸೂಚಿ, ಬೆಂಕಿಕಡ್ಡಿ, ಒಣ ಕಾಲುಚೀಲ
* ನೀರು, ಒಣಹಣ್ಣು. ನಾಯಿಗೆ ಬಟ್ಟಲು, ನೀರು, ಚಿಮಟ, ಲವಣದ್ರಾವಣ
* ಚೂರಿ, ಕೈಗವಸು, ಎರಡು ಖಾಲಿ ಚೀಲ
* ಒಯ್ಯಬಾರದ್ದು: ಬೇರೆ ಬೋರಿನ ತೋಟಾ, ಮದ್ಯ